ಪದಚರ್ಚೆ: ಏರ್ ರೈಫಲ್‌ನ ಸ್ಟಾಕ್‌ಗೆ ‘ಕಾವು’ ಅನ್ನಬಹುದೇ?

ಗೆಳೆಯರೇ,

10 ಮೀಟರ್ ಏರ್ ರೈಫಲ್ ಕಲಿಯುವ ಮಕ್ಕಳ ಅಪ್ಪ-ಅಮ್ಮಂದಿರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬಂದೂಕಿನ ಮರದ ಭಾಗವನ್ನು, ಅಂದರೆ ಸ್ಟಾಕನ್ನು, ಮಗುವಿನ ಮೈಗೆ ಹೊಂದುವ ಹಾಗೆ ಮನೆಯಲ್ಲೇ ತಿದ್ದಿಕೊಳ್ಳುವುದು ಹೇಗೆ ಅನ್ನುವುದು ಅದರ ವಿಷಯ. ಸ್ಪ್ರಿಂಗ್, ಕುದುರೆ (ಟ್ರಿಗರ್), ನಳಿಗೆ ಇವನ್ನು ಮುಟ್ಟುವ ಮಾತಿಲ್ಲ. ಮರ ಮಾತ್ರ. ಸ್ಪರ್ಧೆಗೆಂದೇ ಮಾಡಿದ ದುಬಾರಿ ರೈಫಲ್‌ಗಳಲ್ಲಿ ಎಲ್ಲವನ್ನೂ ತಿರುಪು ತಿರುಗಿಸಿ ಹೊಂದಿಸಬಹುದು. ಕಲಿಯುವವರ ಕೈಗೆ ಸಿಗುವ ಅಗ್ಗದ ಬಂದೂಕು ಮಾತ್ರ ದೊಡ್ಡವರ ಅಳತೆಯದು. ಹನ್ನೆರಡು ವರ್ಷದ ಹುಡುಗಿಯ ತೋಳಿಗೆ ಅದು ಉದ್ದ, ಕೆನ್ನೆಗೆ ತಗ್ಗು. ಗುರಿಯ ಹತ್ತು ಅಂಕದ ಚುಕ್ಕಿ ಬರೀ 0.5 ಮಿ.ಮೀ. ಅಗಲ. ಹಾರುವ ಗುಂಡೇ ಅದಕ್ಕಿಂತ ದಪ್ಪ, 4.5 ಮಿ.ಮೀ. ಹೀಗಿರುವಾಗ ಮರ ಮೈಗೆ ಒಗ್ಗದಿದ್ದರೆ ಎಷ್ಟು ಅಭ್ಯಾಸ ಮಾಡಿಯೂ ಅಷ್ಟಕ್ಕಷ್ಟೇ.

ಈ ಕೆಲಸ ಮಾಡಿಕೊಡುವವರು ಊರಿನ ಬಡಗಿಗಳು. ಬಟ್ ಪ್ಲೇಟ್, ಚೀಕ್ ಪೀಸ್, ಲೆಂತ್ ಆಫ್ ಪುಲ್ ಅಂತ ಪಟ್ಟಿ ಬರೆದು ಅವರ ಕೈಗೆ ಕೊಟ್ಟರೆ ಏನು ಪ್ರಯೋಜನ? ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಸ್ಟಾಕ್. ಪತ್ರಿಕೆಗಳಲ್ಲಿ ‘ಬಂದೂಕಿನ ಹಿಡಿಯಿಂದ ಹೊಡೆದರು’ ಅಂತ ಬರೆಯುತ್ತಾರೆ. ಅಲ್ಲಿ ಹಿಡಿ ಅಂದರೆ ಹೆಗಲಿಗೆ ಒತ್ತುವ ತುದಿ. ಆದರೆ ಪಿಸ್ತೂಲಿನ ಹಿಡಿ ಅಂದಾಗ ಅಂಗೈಯಲ್ಲಿ ಹಿಡಿಯುವ ಜಾಗ. ರೈಫಲ್‌ನಲ್ಲಿ ಈ ಎರಡೂ ಇವೆ, ಒಂದೇ ಮರದಲ್ಲಿ, ಒಂದು ಗೇಣು ದೂರದಲ್ಲಿ. ಹಿಡಿ ಅನ್ನುವುದನ್ನು ಅಂಗೈಯ ಜಾಗಕ್ಕೇ ಬಿಟ್ಟುಬಿಡೋಣ, ಅಲ್ವಾ? ಹೆಗಲಿನ ತುದಿಗೆ ‘ಬುಡ’ ಸಾಕು. ಹಿಂದಿಯವರ ‘ಕುಂದಾ’ ತರಬಹುದು ಅಂತ ಒಬ್ಬರು ಹೇಳಿದರು. ನನಗೆ ಅದರ ಅಗತ್ಯ ಕಾಣುತ್ತಿಲ್ಲ.

ಹಾಗಾದರೆ ಇಡೀ ಮರಕ್ಕೆ? ನನ್ನ ಆಯ್ಕೆ ‘ಕಾವು’. ಇದು ನಾನು ಕಟ್ಟಿದ್ದಲ್ಲ. ನಮ್ಮ ಬೀದಿಯ ಬಡಗಿಯ ಮುಂದೆ ಬಂದೂಕಿನ ಮರ ಬಿಚ್ಚಿ ಇಟ್ಟಾಗ ಅವರು ಮೊದಲು ಕೇಳಿದ್ದೇ, ‘ಕಾವು ಎಷ್ಟು ಮೋಟು ಮಾಡಬೇಕು ಸಾರ್?’ ಅಂತ. ಗುದ್ದಲಿಗೆ, ಕೊಡಲಿಗೆ, ಮಚ್ಚಿಗೆ ಕಾವು ಹಾಕಿ ಬದುಕಿದವರ ಬಾಯಲ್ಲಿ ಬೇರೆ ಮಾತು ಬರುವುದಾದರೂ ಹೇಗೆ? ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಅನ್ನುವ ಗಾದೆಯಿಂದ ಈ ಪದ ಎಲ್ಲರಿಗೂ ಗೊತ್ತು. ಕಬ್ಬಿಣದ ಆಯುಧವನ್ನು ಮನುಷ್ಯನ ಕೈಗೆ ಒಗ್ಗಿಸುವ ಮರ, ಅದೇ ಕಾವು. ಸ್ಟಾಕ್ ಮಾಡುವುದೂ ಇದನ್ನೇ. ಒಂದು ತಕರಾರು ಬರಬಹುದು. ಕೊಡಲಿಯಲ್ಲಿ ಕಬ್ಬಿಣದ ತೂತಿನೊಳಗೆ ಮರ ಹೋಗುತ್ತದೆ, ಬಂದೂಕಿನಲ್ಲಿ ಮರದ ತೋಡಿನೊಳಗೆ ಕಬ್ಬಿಣ ಕೂರುತ್ತದೆ. ನಿಜ. ಆದರೆ ಬಳಸುವವನಿಗೆ ಅದು ಮುಖ್ಯ ಅಲ್ಲ ಅನ್ನಿಸುತ್ತದೆ. ಕೋಳಿ ಕಾವು ಕೂರುವ ‘ಕಾವು’ ಜೊತೆ ಗೊಂದಲ ಆಗುತ್ತದೆ ಅನ್ನುವವರಿಗೆ, ಸಂದರ್ಭ ಇದ್ದಾಗ ಯಾರಿಗೂ ಆಗುವುದಿಲ್ಲ ಅಂತಷ್ಟೇ ಹೇಳಬಲ್ಲೆ.

ಚೀಕ್ ಪೀಸ್, ಅಂದರೆ ಗುರಿ ನೋಡುವಾಗ ಕೆನ್ನೆ ಇಡುವ ಜಾಗ, ಸ್ವಲ್ಪ ಸೂಕ್ಷ್ಮದ್ದು. ಇದನ್ನು ಹೊಂದಿಸುವ ರೀತಿ ಹೀಗೆ. ಗುಂಡಿಲ್ಲದ ಬಂದೂಕನ್ನು ಮಗು ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಕತ್ತು ಬಿಗಿಯದೆ ಕೆನ್ನೆಯನ್ನು ಮರದ ಮೇಲೆ ಬಿಡಬೇಕು. ಆಮೇಲೆ ಕಣ್ಣು ತೆರೆಯಬೇಕು. ಹಿಂದಿನ ಗುರಿಗಿಂಡಿಯ ನಡುವೆ ಮುಂದಿನ ಮೊನೆ ತಾನಾಗಿ ಕಂಡರೆ ಎತ್ತರ ಸರಿ. ಕಣ್ಣು ಕೆಳಗೆ ಬಿದ್ದರೆ ಮರದ ಮೇಲೆ ರಟ್ಟಿನ ತುಂಡು ಒಂದೊಂದಾಗಿ ಇಟ್ಟು, ಟೇಪ್ ಸುತ್ತಿ, ಮತ್ತೆ ನೋಡಬೇಕು. ರಟ್ಟಿನಲ್ಲಿ ಸರಿಹೋದ ಮೇಲೇ ಅಷ್ಟೇ ದಪ್ಪದ ಮರ ಕೂರಿಸುವುದು. ಇದಕ್ಕೆ ‘ಕೆನ್ನೆದಿಂಬು’ ಅಂತ ಬರೆದಿದ್ದೆ. ತಲೆದಿಂಬು, ಒರಗುದಿಂಬು ಇರುವಾಗ ಇದೂ ಇರಲಿ ಅಂತ. ಆದರೆ ದಿಂಬು ಅಂದ ಕೂಡಲೇ ಮೆತ್ತಗಿನದು ನೆನಪಾಗುತ್ತದೆ, ಸ್ಪಂಜು ಅಂಟಿಸುವವರೂ ಇರುತ್ತಾರೆ. ಸ್ಪಂಜಿನಲ್ಲಿ ಕೆನ್ನೆ ಒಂದೊಂದು ಸಲ ಒಂದೊಂದು ಆಳಕ್ಕೆ ಇಳಿಯುತ್ತದೆ, ಗುರಿಯೂ ಅದರ ಜೊತೆ ಹೋಗುತ್ತದೆ. ಈಗ ‘ಕೆನ್ನೆಮಣೆ’ ಅಂತ ತಿದ್ದಿದ್ದೇನೆ. ಈಳಿಗೆಮಣೆ, ತುರಿಮಣೆ, ಹಸೆಮಣೆ ಎಲ್ಲವೂ ಗಟ್ಟಿ ಮರವೇ. ಬಡಗಿಗೂ ವಿವರಿಸುವ ಕೆಲಸ ಇರುವುದಿಲ್ಲ.

ಲೆಂತ್ ಆಫ್ ಪುಲ್ ಅನ್ನು ‘ಎಳೆತದ ಉದ್ದ’ ಅಂತ ಮಾಡಿದರೆ ಅರ್ಥವೇ ಕೆಟ್ಟುಹೋಗುತ್ತದೆ. ಕುದುರೆಯನ್ನು ಎಷ್ಟು ದೂರ ಎಳೆಯಬೇಕು ಅಂತ ಓದುವವರು ತಿಳಿಯುತ್ತಾರೆ. ಅದು ಕುದುರೆಯಿಂದ ಬುಡದವರೆಗಿನ ಅಳತೆ. ಅಂದಾಜು ಹಿಡಿಯುವ ಹಳೆಯ ಕ್ರಮ ಗೊತ್ತಲ್ಲ? ಮೊಣಕೈ ಮಡಚಿ, ಬುಡವನ್ನು ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳಿನ ತುದಿಯ ಗೆಣ್ಣು ಕುದುರೆಗೆ ತಾಗಬೇಕು. ಇದು ನಮ್ಮ ಮೊಳಕ್ಕೆ ಎಷ್ಟು ಹತ್ತಿರ! ಆದ್ದರಿಂದ ‘ಮೊಳದಳತೆ’. ಮುಕ್ಕಾಲುಪಾಲು ದೊಡ್ಡವರಿಗೆ ಇದು 33-35 ಸೆಂ.ಮೀ. ಆಸುಪಾಸು ಬರುತ್ತದೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಕತ್ತರಿಸುವಾಗ ಒಂದಿಷ್ಟು ಜಾಸ್ತಿಯೇ ಕತ್ತರಿಸಿ, ಆ ಜಾಗವನ್ನು ತೆಳು ಹಲಗೆಗಳಿಂದ ತುಂಬಿಟ್ಟರೆ ಮಗು ಬೆಳೆದಂತೆ ಒಂದೊಂದು ಹಲಗೆ ಸೇರಿಸಬಹುದು.

ಹಿಡಿ ಜಾರದ ಹಾಗೆ ಮರದ ಮೇಲೆ ಸಣ್ಣ ಸಣ್ಣ ಗುಳಿ ಹೊಡೆಯುವುದಕ್ಕೆ ‘ಮುಳ್ಳು ಹಾಕುವುದು’ ಅಂತಲೇ ಇಟ್ಟಿದ್ದೇನೆ. ಬೀಸುಕಲ್ಲಿಗೆ ಮುಳ್ಳು ಹಾಕಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಬುಡ ಪಕ್ಕಕ್ಕೆ ಸರಿದಂತೆ ಮಾಡಿದ್ದಕ್ಕೆ ‘ಓರೆ’, ಹಿಡಿದಾಗ ಬಂದೂಕೇ ಒಂದು ಕಡೆ ಬಾಗುವುದಕ್ಕೆ ‘ವಾಲು’. ಇವೆರಡನ್ನೂ ಬೆರೆಸಬಾರದು, ಯಾಕೆಂದರೆ ಒಂದು ಮರದ ಆಕಾರ, ಇನ್ನೊಂದು ಹಿಡಿಯುವವರ ಅಭ್ಯಾಸ.

ನನಗೆ ಪದ ಸಿಗದೆ ಉಳಿದಿರುವುದು ಇನ್‌ಲೆಟಿಂಗ್, ಅಂದರೆ ಕಬ್ಬಿಣದ ಭಾಗ ಬಿಗಿಯಾಗಿ ಕೂರುವ ಹಾಗೆ ಮರದ ತೋಡನ್ನು ಹೊಂದಿಸುವ ಕೆಲಸ. ಕಬ್ಬಿಣದ ಭಾಗಕ್ಕೆ ದೀಪದ ಮಸಿ ಹಚ್ಚಿ ಮರದ ತೋಡಿನಲ್ಲಿ ಕೂರಿಸಿ ಎತ್ತುತ್ತಾರೆ. ಮಸಿ ಹತ್ತಿದ ಕಡೆ ಮರ ಉಬ್ಬಿದೆ ಅಂತ ಅರ್ಥ. ಅಲ್ಲಿ ಮಾತ್ರ ಉಳಿಯಿಂದ ಕೆರೆದು, ಮತ್ತೆ ಮಸಿ, ಮತ್ತೆ ಕೂರಿಸುವುದು. ಎಲ್ಲ ಕಡೆ ಸಮನಾಗಿ ಮಸಿ ಹತ್ತುವವರೆಗೂ ಇದೇ ಕೆಲಸ. ‘ತೋಡು ಹೊಡೆಯುವುದು’ ಅಂದರೆ ಬರೀ ಕೊರೆಯುವುದಾಗುತ್ತದೆ, ‘ಕೂರಿಸುವುದು’ ಅಂದರೆ ತೀರಾ ಸಾಮಾನ್ಯ. ಬಾಗಿಲಿಗೆ ಕೀಲು ಕೂರಿಸುವವರು, ಗಾಡಿ ಚಕ್ರಕ್ಕೆ ಗುಂಬ ಕೂರಿಸುವವರು ಇದಕ್ಕೆ ಬೇರೆ ಮಾತು ಆಡುತ್ತಾರಾ?

ಕೊಡಗಿನವರಲ್ಲಿ ಒಂದು ವಿಶೇಷ ಕೋರಿಕೆ. ಕೈಲ್ ಮುಹೂರ್ತದ ಆಯುಧಪೂಜೆ ಹಬ್ಬದಲ್ಲಿ ತೋಕಿಗೆ (ಕೋವಿಗೆ) ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವ ನಿಮ್ಮ ಮನೆಗಳಲ್ಲಿ ಮರದ ಭಾಗಕ್ಕೆ, ಬುಡಕ್ಕೆ, ಕೆನ್ನೆ ಇಡುವ ಜಾಗಕ್ಕೆ ಹಿರಿಯರು ಏನನ್ನುತ್ತಾರೆ? ಮಲೆನಾಡಿನಲ್ಲಿ ಕೇಪಿನ ಕೋವಿ, ಜೋಡುನಳಿಗೆ ಕೋವಿ ಇಟ್ಟುಕೊಂಡವರ ಮಾತೂ ಬೇಕು. ಬಳಕೆಯ ಪದ ಸಿಕ್ಕರೆ ನನ್ನ ಕೆನ್ನೆಮಣೆ, ಮೊಳದಳತೆ ಎರಡನ್ನೂ ಸಂತೋಷದಿಂದ ಬಿಟ್ಟುಬಿಡುತ್ತೇನೆ. ಪದದ ಜೊತೆ ಅದು ಯಾವ ಊರಿನದು, ಯಾರ ಬಾಯಲ್ಲಿ ಕೇಳಿದ್ದು ಅನ್ನುವುದನ್ನೂ ಬರೆಯಿರಿ.