ಸಹಾಯ ಬೇಕು: ಕಡಿಮೆ ಖರ್ಚಿನಲ್ಲಿ ಗಿಡಗಳಿಗೆ ಎಲ್‌ಇಡಿ ಗ್ರೋ ಲೈಟ್

ಎಲ್ಲರಿಗೂ ನಮಸ್ಕಾರ. ಬಿಸಿಲೇ ಬೀಳದ ಕೋಣೆಯ ಶೆಲ್ಫಿನಲ್ಲಿ ಲೆಟ್ಯೂಸ್, ಪುದೀನ ಬೆಳೆಸುತ್ತಿದ್ದೇನೆ. ಬೆಳಕು ಸಾಲದೆ ಕಾಂಡಗಳು ಸಣ್ಣಗೆ ಉದ್ದವಾಗಿ ಬಾಗುತ್ತಿವೆ. ನೋಡೋಕೆ ಬೇಜಾರಾಗುತ್ತದೆ. ರೆಡಿಮೇಡ್ ಗ್ರೋ ಲೈಟ್ ದುಬಾರಿ, ಅದಕ್ಕೇ ನಾನೇ ಮಾಡಬೇಕು ಅಂತಿದ್ದೇನೆ.

ಶೆಲ್ಫ್ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. 12 ವೋಲ್ಟಿನ ಬಿಳಿ 5050 ಸ್ಟ್ರಿಪ್ (5 ಮಿ.ಮೀ. ಚೌಕದ ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿದ ಪಟ್ಟಿ) ಅನ್ನು 60 ಸೆಂ.ಮೀ.ಗೆ ಒಂದರಂತೆ 8 ತುಂಡು ಮಾಡಿ ಅಲ್ಯೂಮಿನಿಯಂ ಹಾಳೆಗೆ ಅಂಟಿಸುವ ಯೋಚನೆ. ಮೀಟರಿಗೆ 14.4 ವ್ಯಾಟ್ ಅಂದರೆ ಒಟ್ಟು ಸುಮಾರು 69 ವ್ಯಾಟ್, 6 ಆಂಪಿಯರ್ ಹತ್ತಿರ. ಪವರ್ ಸಪ್ಲೈ ಪೂರ್ತಿ ಮಿತಿಯಲ್ಲಿ ಓಡಬಾರದು ಅಲ್ವಾ? 8 ಆಂಪಿಯರಿನದು ಸಾಕಾ?

ನನ್ನ ಮುಖ್ಯ ಗೊಂದಲ ಶಾಖದ್ದು. ದಿನಕ್ಕೆ 14 ಗಂಟೆ ಉರಿಸಿದರೆ ಬರೀ ಹಾಳೆ ಸಾಕಾಗುತ್ತಾ, ಇಲ್ಲಾ ಶಾಖ ಹೀರುವ ದಪ್ಪ ಅಲ್ಯೂಮಿನಿಯಂ ಚಾನೆಲ್ (ಉದ್ದನೆಯ ತೋಡಿನಂಥ ಪಟ್ಟಿ) ಬೇಕಾ? ಬಿಸಿ ಜಾಸ್ತಿಯಾದರೆ ಎಲ್‌ಇಡಿ ಬೇಗ ಮಂಕಾಗುತ್ತದೆ, ಅಂಟೂ ಬಿಡುತ್ತದೆ. ಅಥವಾ ಸ್ಟ್ರಿಪ್ ಬಿಟ್ಟು 3 ವ್ಯಾಟಿನ ಚಿಪ್‌ಗಳನ್ನು ಸಾಲಾಗಿ ಜೋಡಿಸಿ, ಕಾನ್ಸ್ಟಂಟ್ ಕರೆಂಟ್ ಡ್ರೈವರ್ (ಕರೆಂಟ್ ಏರಿಳಿಯದಂತೆ ಒಂದೇ ಮಟ್ಟದಲ್ಲಿಡುವ ಸಪ್ಲೈ) ಹಾಕುವುದೇ ಒಳ್ಳೆಯದಾ?

ಕೆಂಪು, ನೀಲಿ ಎಲ್‌ಇಡಿ ಮಾತ್ರ ಸೇರಿಸಿದ ಗ್ರೋ ಲೈಟಿನ ನೇರಳೆ ಬೆಳಕು ನನಗೆ ಬೇಡ. ಬಿಳಿ ಬೆಳಕಿನಲ್ಲೇ ಕೆಂಪು, ನೀಲಿ ಎರಡೂ ಇರುತ್ತವೆ, ಎಲೆಯ ರೋಗವೂ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಬಿಳಿಯಲ್ಲಿ 4000 ಕೆಲ್ವಿನ್ (ತುಸು ಹಳದಿ ಛಾಯೆ) ತಗೊಳ್ಳಲಾ, 6500 (ತುಸು ನೀಲಿ ಛಾಯೆ) ತಗೊಳ್ಳಲಾ?

ಗಿಡಕ್ಕೆ ನೀರು ಚಿಮುಕಿಸುವಾಗ ವೈರಿಂಗ್ ಒದ್ದೆಯಾಗದಂತೆ ಏನು ಮಾಡುತ್ತೀರಿ ಅನ್ನೋದನ್ನೂ ದಯವಿಟ್ಟು ತಿಳಿಸಿ. ಇಂಥದ್ದು ಮಾಡಿದವರು ಜೋಡಣೆಯ ಫೋಟೋ ಹಾಕಿದರೆ ತುಂಬಾ ಉಪಕಾರ.