ಜರ್ಮನಿಯ 29ನೇ ಮೋಟಾರು ಪದಾತಿ ಡಿವಿಷನ್: ಒಂದೇ ಸಂಖ್ಯೆ, ಎರಡು ಪಡೆಗಳೇ?

ಪ್ರಶ್ನೆ (ದಾವಣಗೆರೆ, ಇತಿಹಾಸ ವಿದ್ಯಾರ್ಥಿ):
ಸ್ಟಾಲಿನ್‌ಗ್ರಾಡ್‌ನಲ್ಲಿ 1943ರ ಆರಂಭದಲ್ಲಿ ನಿರ್ನಾಮವಾಯಿತೆಂದು ಓದಿದ 29ನೇ ಡಿವಿಷನ್, ಅದೇ ವರ್ಷ ಸಿಸಿಲಿಯಲ್ಲಿ ಕಾದಾಡಿದ್ದು ಹೇಗೆ? ಮೋಟಾರು ಡಿವಿಷನ್ ಎಂದರೆ ಟ್ಯಾಂಕ್ ಪಡೆಯೇ?

ಉತ್ತರ (ಚಿತ್ರದುರ್ಗ):
ಟ್ಯಾಂಕ್ ಪಡೆಯಲ್ಲ, ಸೈನಿಕರು ಲಾರಿಗಳಲ್ಲಿ ಸಾಗಿ, ಇಳಿದು ಕಾಲಾಳುಗಳಾಗಿಯೇ ಹೋರಾಡುತ್ತಿದ್ದರು. ಜರ್ಮನ್ ಸೇನೆಯ ಬಹುಪಾಲು ತೋಪು, ಸರಕುಗಳನ್ನು ಕುದುರೆಗಳೇ ಎಳೆಯುತ್ತಿದ್ದ ಕಾಲದಲ್ಲಿ (ಪ್ರಚಾರದ ಚಿತ್ರಗಳು ಇದನ್ನು ಜಾಣತನದಿಂದ ಮರೆಮಾಚಿದವು), ಪಾಂಜರ್‌ಗಳ (ಜರ್ಮನ್ ಟ್ಯಾಂಕ್‌ಗಳ) ವೇಗಕ್ಕೆ ಸರಿಸಮನಾಗಿ ಸಾಗಿ, ಅವು ಗೆದ್ದ ನೆಲವನ್ನು ಹಿಡಿದಿಟ್ಟುಕೊಳ್ಳುವುದೇ ಇಂಥ ಡಿವಿಷನ್‌ಗಳ ಕೆಲಸವಾಗಿತ್ತು. 1942ರ ವೇಳೆಗೆ 29ನೆಯದಕ್ಕೆ ಒಂದು ಟ್ಯಾಂಕ್ ಬೆಟಾಲಿಯನ್ ಸೇರಿತ್ತು. ನವೆಂಬರ್ 20ರಂದು ಸ್ಟಾಲಿನ್‌ಗ್ರಾಡ್‌ನ ದಕ್ಷಿಣದಲ್ಲಿ ಸೋವಿಯತ್ 13ನೇ ಯಾಂತ್ರೀಕೃತ ಕೋರ್ (ಟ್ಯಾಂಕ್, ಮೋಟಾರು ಪಡೆಗಳ ದೊಡ್ಡ ದಳ) ಜರ್ಮನಿಯ ಮಿತ್ರರಾದ ರುಮೇನಿಯನ್ನರ ಸಾಲನ್ನು ಮುರಿದು ನುಗ್ಗಿದಾಗ, ಮೀಸಲಿನಲ್ಲಿದ್ದ ಈ ಡಿವಿಷನ್ ಜೋರಾದ ಎದುರೇಟು ಕೊಟ್ಟಿತು. ಆದರೆ ಸ್ಟಾಲಿನ್‌ಗ್ರಾಡ್‌ನಲ್ಲಿದ್ದ ಜರ್ಮನ್ 6ನೇ ಸೇನೆಯ ಪಾರ್ಶ್ವ ಕಾಯಲು ಹಿಂದಿರುಗುವಂತೆ ಆದೇಶ ಬಂದು, ಆ ಗೆಲುವು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. 6ನೇ ಸೇನೆಯೊಂದಿಗೆ ಸೋವಿಯತ್ ಸುತ್ತುವರಿಕೆಯೊಳಗೆ ಸಿಲುಕಿದ ಡಿವಿಷನ್, ಜನವರಿ 10ರಂದು ಆರಂಭವಾದ ಸೋವಿಯತ್ ದಾಳಿಯಲ್ಲಿ ಪಶ್ಚಿಮದ ಅಂಚಿನಲ್ಲಿ ನುಚ್ಚುನೂರಾಯಿತು.

ಉತ್ತರ (ದಾವಣಗೆರೆ):
ಸಿಸಿಲಿಯದು ಸಂಖ್ಯೆಯ ಮುಂದುವರಿಕೆ ಮಾತ್ರ. 1943ರಲ್ಲಿ ಫ್ರಾನ್ಸ್‌ನಲ್ಲಿದ್ದ 345ನೇ ಡಿವಿಷನ್‌ನ ಜನಬಲದಿಂದ ಅದನ್ನು ಹೊಸದಾಗಿ ಕಟ್ಟಿದರು. ಜೂನ್‌ನಲ್ಲಿ ಅದು 29ನೇ ಪಾಂಜರ್‌ಗ್ರೆನೇಡಿಯರ್ (ಮೋಟಾರು ಪದಾತಿ ಡಿವಿಷನ್‌ಗಳಿಗೆ ಕೊಟ್ಟ ಹೊಸ ಹೆಸರು) ಆಯಿತು. ಸಿಸಿಲಿಯ ನಂತರ ಇಟಲಿಯ ಸಲೆರ್ನೊ, ಆಂಜಿಯೊಗಳಲ್ಲಿಯೂ ಅದು ಕಾದಾಡಿತು.

ಉತ್ತರ (ಚಿತ್ರದುರ್ಗ):
ರಣಕೌಶಲದ ಚರ್ಚೆಯಲ್ಲಿ ಒಂದು ಸಂಗತಿ ಮರೆಯಾಗಬಾರದು. 1939ರ ಸೆಪ್ಟೆಂಬರ್‌ನಲ್ಲಿ ಪೋಲೆಂಡ್‌ನ ಚೆಪಿಯೆಲೂವ್ ಬಳಿ ನಡೆದ ಪೋಲಿಷ್ ಯುದ್ಧಕೈದಿಗಳ ಹತ್ಯೆಯ ಆರೋಪ ಇದೇ ಡಿವಿಷನ್‌ನ 15ನೇ ರೆಜಿಮೆಂಟ್ ಮೇಲಿದೆ.