ಸ್ಕ್ರೀನ್ ಎರಡು ಸೆಕೆಂಡ್ ಕಪ್ಪಾಗಿ ತಾನಾಗಿ ಬರ್ತದೆ, ಕಂಪ್ಯೂಟರ್ ಬಂದ್ ಆಗುವುದಿಲ್ಲ

ಪ್ರಶ್ನೆ, ಬದಿಯಡ್ಕದಿಂದ

ಮನೆಯ ಡೆಸ್ಕ್‌ಟಾಪ್, ವಿಂಡೋಸ್ 11. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಮದರ್‌ಬೋರ್ಡಿನ ಎಚ್‌ಡಿಎಂಐಯಿಂದಲೇ 24 ಇಂಚಿನ ಮಾನಿಟರಿಗೆ ಕೊಟ್ಟದ್ದು. ಫೆಬ್ರವರಿ ಕಳೆದ ಮೇಲೆ ತೊಂದರೆ ಶುರುವಾಯ್ತು. ಇದ್ದಕ್ಕಿದ್ದ ಹಾಗೆ ಸ್ಕ್ರೀನ್ ಕಪ್ಪಾಗ್ತದೆ, ಎರಡು ಮೂರು ಸೆಕೆಂಡಿನಲ್ಲಿ ವಾಪಸ್ ಬರ್ತದೆ. ಸ್ಪೀಕರಿನಲ್ಲಿ ಹಾಡು ನಿಲ್ಲುವುದಿಲ್ಲ, ಟೈಪ್ ಮಾಡಿದ್ದೂ ಹೋಗುವುದಿಲ್ಲ. ಕೆಲವು ದಿನ ಹತ್ತು ಹದಿನೈದು ಸಲ, ಕೆಲವು ದಿನ ಒಮ್ಮೆಯೂ ಇಲ್ಲ. ಡ್ರೈವರ್ ಹೊಸತು ಹಾಕಿ ಆಯ್ತು, ಕೇಬಲ್ ಬದಲಿಸಿಯೂ ಆಯ್ತು. 600 ವಿಎ ಯುಪಿಎಸ್ ಉಂಟು, ಆಗ ಅದು ಬೀಪ್ ಹೊಡೆಯುವುದಿಲ್ಲ. ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕು ಅಂತ ಹೇಳ್ತಾರೆ. ಅಷ್ಟು ದುಡ್ಡು ಹಾಕುವ ಮೊದಲು ಬೇರೆ ಎಂತ ನೋಡಬಹುದು?

ಉತ್ತರ, ಕುಂಬಳೆಯಿಂದ

ಮದರ್‌ಬೋರ್ಡಿನ ಮಾತು ಸದ್ಯ ಬಿಡಿ. ಮೊದಲು ತಪ್ಪು ಯಾವ ಬದಿಯಲ್ಲಿ ಉಂಟು ಅಂತ ಬೇರ್ಪಡಿಸಬೇಕು.

ಮಾನಿಟರಿನ ಬಟನ್ ಒತ್ತಿ ಅದರ ಸ್ವಂತ ಮೆನು ತೆರೆದಿಡಿ, ಬ್ರೈಟ್‌ನೆಸ್ ಬದಲಿಸುವ ಆ ಪೆಟ್ಟಿಗೆ. ಅದು ತಾನಾಗಿ ಮುಚ್ಚುವ ಸಮಯವನ್ನು ಸೆಟ್ಟಿಂಗಿನಲ್ಲಿ ಆದಷ್ಟು ಹೆಚ್ಚಿಸಿ. ಕಪ್ಪಾಗುವಾಗಲೂ ಆ ಮೆನು ಕಾಣ್ತಾ ಇದ್ದರೆ ತಪ್ಪು ಹೆಚ್ಚಾಗಿ ಮಾನಿಟರಿನದ್ದಲ್ಲ, ಅದಕ್ಕೆ ಬರುವ ಸಿಗ್ನಲಿನದ್ದು. ಸ್ಕ್ರೀನ್ ಕಪ್ಪಾಗುವಾಗ ಪವರ್ ದೀಪವನ್ನೂ ನೋಡಿ. ದೀಪವೇ ಆರಿ ಹತ್ತಿದರೆ ಮಾನಿಟರಿಗೆ ಬರುವ ಕರೆಂಟೇ ತಪ್ಪುತ್ತಾ ಉಂಟು, ಅಡಾಪ್ಟರ್ ಅಥವಾ ಅದರ ಪಿನ್ ನೋಡಬೇಕು. ದೀಪ ಹಾಗೇ ಇದ್ದು, ಟಾರ್ಚ್ ಓರೆಯಾಗಿ ಹಿಡಿದಾಗ ಒಳಗೆ ಚಿತ್ರ ಮಸುಕಾಗಿ ಕಂಡರೆ ಬ್ಯಾಕ್‌ಲೈಟ್ ಹೋಗ್ತಾ ಉಂಟು. ಚಿತ್ರ ಪೂರ್ತಿ ಮಾಯವಾಗಿ ದೀಪದ ಬಣ್ಣ ಬದಲಾದರೆ ಅಥವಾ ‘ನೋ ಸಿಗ್ನಲ್’ ಬಂದರೆ ಸಿಗ್ನಲ್ ಕಡಿಯುತ್ತಾ ಉಂಟು.

ಡ್ರೈವರಿನದ್ದೇ ತಪ್ಪಾದರೆ ಹೆಚ್ಚಾಗಿ ಗುರುತು ಉಳಿದಿರ್ತದೆ. ಸ್ಟಾರ್ಟಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಕಪ್ಪಾದ ಸಮಯಕ್ಕೆ ಸರಿಯಾಗಿ 4101 ನಂಬರಿನ ದಾಖಲೆ ಉಂಟಾ ನೋಡಿ. ಗ್ರಾಫಿಕ್ಸ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಎಬ್ಬಿಸಿ ಕೂರಿಸಿ ಆ ನಂಬರ್ ಬರೆದಿಡ್ತದೆ. ಒಂದೂ ಇಲ್ಲದಿದ್ದರೆ ಡ್ರೈವರಿನ ಮೇಲಿನ ಅನುಮಾನ ಬಹಳ ಕಡಿಮೆ ಆಯ್ತು. ಇನ್ನೂ ಗಟ್ಟಿ ಬೇಕಾದರೆ ಬಯಾಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪುಟ) ತೆರೆದು ಅರ್ಧ ಗಂಟೆ ಹಾಗೇ ಬಿಡಿ. ಅಲ್ಲಿ ವಿಂಡೋಸೂ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲಿಯೂ ಕಪ್ಪಾದರೆ ಸಾಫ್ಟ್‌ವೇರ್ ಕೆದಕುವುದು ವ್ಯರ್ಥ.

ಉತ್ತರ, ಪೆರ್ಲದಿಂದ

ಬೇಸಿಗೆ ಬಂದ ಮೇಲೆ ಶುರುವಾದದ್ದು ಅಂದಿರಿ, ಅದೇ ದೊಡ್ಡ ಸುಳಿವು. ಕಪ್ಪಾಗುವ ಕ್ಷಣಕ್ಕೆ ಮನೆಯಲ್ಲಿ ಎಂತ ಆನ್ ಅಥವಾ ಆಫ್ ಆಯ್ತು ಅಂತ ಎರಡು ದಿನ ಬರೆದಿಡಿ: ಫ್ರಿಜ್, ಫ್ಯಾನ್, ಗ್ರೈಂಡರ್, ತೋಟದ ಪಂಪು. ಕುಳಿತ ಕುರ್ಚಿಯಿಂದ ಎದ್ದದ್ದನ್ನೂ ಬರೆಯಿರಿ. ಗ್ಯಾಸ್ ಸಿಲಿಂಡರ್ ಇರುವ ತಿರುಗುವ ಕುರ್ಚಿಯಿಂದ ಎದ್ದಾಗ ಹುಟ್ಟುವ ವಿದ್ಯುತ್ಕಾಂತೀಯ ಸ್ಪೈಕನ್ನು ವಿಡಿಯೋ ಕೇಬಲ್ ಹಿಡಿದುಕೊಂಡು ಸ್ಕ್ರೀನ್ ಕಪ್ಪಾಗಬಹುದು ಅಂತ ಡಿಸ್‌ಪ್ಲೇಲಿಂಕ್ (ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ತಂತ್ರಜ್ಞಾನದ ಕಂಪನಿ) ತಾನೇ ಹೇಳಿದೆ.

ಕಂಪ್ಯೂಟರ್ ಆನ್ ಇರುವಾಗ ಕ್ಯಾಬಿನೆಟಿನ ಹಿಂದಿನ, ಬಣ್ಣ ಇಲ್ಲದ ಸ್ಕ್ರೂ ಬೆರಳಿಗೆ ಜುಮ್ ಅನ್ನಿಸಿದ್ದುಂಟಾ? ಬೇಕಂತಲೇ ಮುಟ್ಟಿ ನೋಡಬೇಡಿ, ಮೊದಲೇ ಅನುಭವಕ್ಕೆ ಬಂದಿದ್ದರೆ ಹೇಳಿ. ಅರ್ತ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವಯರ್, ಕಡಿದಿದ್ದರೆ ಹಾಗಾಗ್ತದೆ. ಮಲ್ಟಿಮೀಟರನ್ನು ಎಸಿ 750 ವೋಲ್ಟಿಗೆ ಇಟ್ಟು, ಕಂಪ್ಯೂಟರ್ ಚಾಲೂ ಇರುವಾಗಲೇ ಅದೇ ಬೋರ್ಡಿನ ಇನ್ನೊಂದು ಮೂರು ಪಿನ್ ಸಾಕೆಟಿನಲ್ಲಿ ಮೂರು ಅಳತೆ ತೆಗೆಯಿರಿ: ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್. ಮೊದಲ ಎರಡು ಹತ್ತಿರ ಹತ್ತಿರ ಇರಬೇಕು, ಮೂರನೆಯದು ಎರಡು ಮೂರು ವೋಲ್ಟಿನ ಒಳಗೆ. ಪ್ರೋಬಿನ ಲೋಹದ ಭಾಗಕ್ಕೆ ಬೆರಳು ತಾಗಬಾರದು. ಅಭ್ಯಾಸ ಇಲ್ಲದಿದ್ದರೆ ಇಲೆಕ್ಟ್ರಿಷಿಯನ್ನರಿಂದ ಮಾಡಿಸಿ.

ಉತ್ತರ, ಉಪ್ಪಳದಿಂದ

ಎಲ್ಲವನ್ನೂ ಅರ್ತಿನ ಮೇಲೆ ಹಾಕುವ ಮೊದಲು ಕನೆಕ್ಟರನ್ನೂ ನೋಡಿ. ನಮ್ಮಲ್ಲಿಯ ಉಪ್ಪುಗಾಳಿಗೆ ಎಚ್‌ಡಿಎಂಐ ಪಿನ್ನು ಮಂಕಾಗ್ತದೆ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬ್ರಶ್ಶಿನಿಂದ ಎರಡೂ ತುದಿ ಉಜ್ಜಿ, ಹತ್ತು ನಿಮಿಷ ಒಣಗಿಸಿ ಹಾಕಿ. ಸ್ಕ್ರೀನಿನ ರಿಫ್ರೆಶ್ ರೇಟ್ 75 ಹರ್ಟ್ಸ್ ಇಟ್ಟಿದ್ದರೆ 60ಕ್ಕೆ ಇಳಿಸಿ ನೋಡಿ, ವೇಗ ಇಳಿದರೆ ಸುಮಾರಾದ ಕೇಬಲ್ ಕೂಡ ತಡೆದುಕೊಳ್ತದೆ. ಕೇಬಲ್ 2 ಮೀಟರಿಗಿಂತ ಉದ್ದ ಬೇಡ, ಕರೆಂಟಿನ ವಯರಿನ ಜತೆ ಸುತ್ತಿ ಕಟ್ಟಲೂ ಬೇಡ.

ಕೇಳಿದವರು, ಬದಿಯಡ್ಕ

ದೀಪದ ಬಣ್ಣ ಬದಲಾಗ್ತದೆ, ‘ನೋ ಸಿಗ್ನಲ್’ ಕೂಡ ಒಂದು ಕ್ಷಣ ಬರ್ತದೆ. 4101 ಒಂದೂ ಇಲ್ಲ. ಬಯಾಸಿನಲ್ಲಿಯೂ ಒಮ್ಮೆ ಕಪ್ಪಾಯ್ತು. 60 ಹರ್ಟ್ಸಿನಲ್ಲಿಯೂ ಅದೇ. ಬರೆದಿಟ್ಟ 19 ಸಲದಲ್ಲಿ 14 ಸಲ ಫ್ರಿಜ್ ನಿಲ್ಲುವಾಗ ಅಥವಾ ಪಂಪು ಆಫ್ ಮಾಡುವಾಗ. ಅಳತೆ: ಫೇಸ್–ನ್ಯೂಟ್ರಲ್ 226, ಫೇಸ್–ಅರ್ತ್ 112, ನ್ಯೂಟ್ರಲ್–ಅರ್ತ್ 106. ಜುಮ್ ಅನ್ನುವುದು ಹೌದು, ಕೇಸಿನದ್ದೇ ಗುಣ ಅಂತ ಬಿಟ್ಟಿದ್ದೆವು.

ಉತ್ತರ, ಪೆರ್ಲದಿಂದ

ಸರಿ ಅರ್ಧಕ್ಕೆ ಬಂತಲ್ಲ, ಅರ್ತ್ ಎಲ್ಲಿಯೋ ಪೂರ್ತಿ ಕಡಿದಿದೆ. ಕಂಪ್ಯೂಟರಿನ ಎಸ್‌ಎಂಪಿಎಸ್ಸಿನ (ಪವರ್ ಸಪ್ಲೈ ಪೆಟ್ಟಿಗೆಯ) ಒಳಗೆ ಫೇಸಿನಿಂದ ಅರ್ತಿಗೆ ಒಂದು, ನ್ಯೂಟ್ರಲಿನಿಂದ ಅರ್ತಿಗೆ ಒಂದು ಸಣ್ಣ ಕೆಪಾಸಿಟರ್ ಇರ್ತದೆ. ಲೈನಿನಲ್ಲಿ ಬರುವ ಕೊಳೆಯನ್ನು, ಅಂದರೆ ಬೇಡದ ವಿದ್ಯುತ್ ಏರಿಳಿತವನ್ನು, ಭೂಮಿಗೆ ಇಳಿಸುವುದು ಅವುಗಳ ಕೆಲಸ. ಇಳಿಯಲು ದಾರಿ ಇಲ್ಲದಾಗ ಕ್ಯಾಬಿನೆಟ್ ಎರಡರ ನಡುವೆ ತೂಗಿ ಅರ್ಧ ವೋಲ್ಟೇಜಿನಲ್ಲಿ ನಿಲ್ತದೆ. ಪಂಪು ಆಫ್ ಆದಾಗ ಅದರ ಮೋಟಾರಿನ ಸುರುಳಿಯಿಂದ ಹಾರುವ ಸ್ಪೈಕ್ (ಕ್ಷಣದ ವೋಲ್ಟೇಜ್ ಏರಿಕೆ) ಭೂಮಿಗೆ ಹೋಗದೆ ಎಚ್‌ಡಿಎಂಐ ಕೇಬಲಿನ ಹೊರಕವಚ ಹಿಡಿದು ಮಾನಿಟರಿಗೆ ನುಗ್ಗುತ್ತದೆ. ಎಚ್‌ಡಿಎಂಐಯ 19ನೇ ಪಿನ್ನು ‘ಮಾನಿಟರ್ ಇದೆ’ ಎಂದು ಹೇಳುವ ಪಿನ್ನು. ಅದು ಒಂದು ಕ್ಷಣ ತಪ್ಪಿದರೂ ಎರಡೂ ಕಡೆಯವು ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕು. ನೀವು ನೋಡುವ ಎರಡು ಮೂರು ಸೆಕೆಂಡಿನ ಕತ್ತಲೆ ಅದೇ. ಯುಪಿಎಸ್ ಇದ್ದೂ ತಡೆಯುವುದಿಲ್ಲ, ಅದು ಅರ್ತ್ ವಯರನ್ನು ಹಾಗೇ ದಾಟಿಸುವುದು ಮಾತ್ರ.

ಇನ್ನು ಹುಡುಕಬೇಕಾದ್ದು ಎಲ್ಲಿ ಕಡಿದಿದೆ ಅಂತ. ಮೀಟರನ್ನು ಬೇರೆ ಕೋಣೆಯ ಸಾಕೆಟಿಗೂ ಇಟ್ಟು ನೋಡಿ. ಒಂದೇ ಬೋರ್ಡಿನಲ್ಲಾದರೆ ಅಲ್ಲಿಯ ಹಸಿರು ವಯರ್ ಬಿಟ್ಟಿದೆ. ಇಡೀ ಮನೆಯಲ್ಲಾದರೆ ಮೇನ್ ಬೋರ್ಡಿನಿಂದ ಅರ್ತ್ ಗುಂಡಿಗೆ ಹೋಗುವ ಪಟ್ಟಿ, ಅದಕ್ಕಿಂತಲೂ ಹೆಚ್ಚಾಗಿ ಗುಂಡಿಯಲ್ಲಿ ಹೂತ ಪೈಪಿನ ತಲೆಗೆ ಹಾಕಿದ ಕ್ಲ್ಯಾಂಪ್ ನೋಡಬೇಕು. ಮಳೆಗಾಲದಲ್ಲಿ ಒದ್ದೆ ತುಕ್ಕು ಹೇಗೋ ಕರೆಂಟ್ ಹಾಯಿಸ್ತದೆ, ಫೆಬ್ರವರಿಗೆ ಒಣಗಿದ ಮೇಲೆ ಅದೂ ಇಲ್ಲ. ಇಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಕ್ಲ್ಯಾಂಪ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಬೋಲ್ಟ್ ಹಾಕಿ ಗ್ರೀಸ್ ಹಚ್ಚಲಿ. ಪೈಪೇ ತಿಂದು ಹೋಗಿದ್ದರೆ ಹೊಸ ಗುಂಡಿ ಬೇಕು: ಕನಿಷ್ಠ 38 ಮಿಲಿಮೀಟರ್ ಒಳವ್ಯಾಸದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, 2.5 ಮೀಟರ್ ಉದ್ದ, ಗೋಡೆಯಿಂದ 1.5 ಮೀಟರ್ ದೂರ. ಮುರಕಲ್ಲಿನ ನೆಲದಲ್ಲಿ ತೇವ ನಿಲ್ಲುವುದಿಲ್ಲ, ಹಾಗಾಗಿ ಬಚ್ಚಲು ನೀರು ಹರಿಯುವ ಬದಿ ಆರಿಸಿದರೆ ಒಳ್ಳೆಯದು.

ಇದನ್ನು ಮುಂದೆ ಹಾಕಬೇಡಿ. ಅದೇ ಅರ್ತಿಗೆ ಗ್ರೈಂಡರೂ ಗೀಸರೂ ಸೇರಿವೆ. ಅವುಗಳಲ್ಲಿ ಒಂದರ ಮೈಗೆ ಫೇಸ್ ತಾಗಿದರೆ ಇಡೀ ಮನೆಯ ಮೂರು ಪಿನ್ ಉಪಕರಣಗಳ ಲೋಹಕ್ಕೆಲ್ಲ ಫೇಸ್ ಬರ್ತದೆ. ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೂ ಯಾರಾದರೂ ಮುಟ್ಟುವ ತನಕ ಅದು ಬೀಳುವುದಿಲ್ಲ. ಸರಿಯಾಗುವವರೆಗೆ ಗೀಸರ್ ಪ್ಲಗ್ ತೆಗೆದಿಡಿ.

ಕೇಳಿದವರು, ಬದಿಯಡ್ಕ

ಕ್ಲ್ಯಾಂಪಿನ ಬೋಲ್ಟ್ ಕೈಯಲ್ಲಿ ಪುಡಿಯಾಗಿ ಬಂತು, ಪೈಪು ಗಟ್ಟಿ ಉಂಟು. ಹೊಸತು ಹಾಕಿದ ಮೇಲೆ ನ್ಯೂಟ್ರಲ್–ಅರ್ತ್ 1.4 ವೋಲ್ಟ್. ಪಂಪು ಇಪ್ಪತ್ತು ಸಲ ಆನ್ ಆಫ್ ಮಾಡಿದರೂ ಸ್ಕ್ರೀನ್ ಹೋಗಲಿಲ್ಲ. ತುಂಬಾ ಉಪಕಾರ ಆಯ್ತು.

ಉತ್ತರ, ಪೆರ್ಲದಿಂದ

ಒಳ್ಳೆಯದಾಯ್ತು. ಮುಂದಿನ ಅಳತೆ ಮಳೆಗಾಲದಲ್ಲಿ ಬೇಡ, ಆಗ ಕೆಟ್ಟ ಅರ್ತ್ ಕೂಡ ಚೆನ್ನಾಗಿ ಕಾಣ್ತದೆ. ಮಾರ್ಚ್ ಕೊನೆಗೆ, ನೆಲ ಪೂರ್ತಿ ಒಣಗಿದಾಗ ಮೀಟರ್ ಇಡಿ.